ಒತ್ತಕ್ಷರದ ಹೊಸ್ತಿಲು

ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ, ಅತ್ತೆ. ಕನ್ನಡದ ಮಗು ಬಾಯಿ ತುಂಬ ಆಡುವ ಮೊದಮೊದಲ ಮಾತುಗಳಿವು. ಇವುಗಳಲ್ಲಿ ಒತ್ತಿಲ್ಲದ ಮಾತು ಒಂದಾದರೂ ಉಂಟೆ? ಹಸಿದಾಗ ಬೇಡುವ ಅನ್ನದಲ್ಲಿ ಒತ್ತು, ಚಪ್ಪರಿಸುವ ಬೆಲ್ಲದಲ್ಲಿ ಒತ್ತು, ಕಿಟಕಿಯ ಬಳಿ ಬಂದು ಕುಳಿತ ಹಕ್ಕಿಯಲ್ಲಿ ಒತ್ತು. ಕಣ್ಣು, ಹಲ್ಲು, ಹೊಟ್ಟೆಗಳಲ್ಲಿಯೂ ಒತ್ತು. ಕನ್ನಡವೆಂಬ ಹೆಸರನ್ನೇ ಒತ್ತಿಲ್ಲದೆ ಬರೆಯಲಾಗದು.

ಆದರೆ ಅಕ್ಷರ ಕಲಿಯಲು ಕುಳಿತ ಮಗುವಿಗೆ ಈ ಆಪ್ತರಾದ ಮಾತುಗಳು ದೊರೆಯುವುದು ಎಲ್ಲಕ್ಕಿಂತ ಕಡೆಯಲ್ಲಿ. ಮೊದಲು 13 ಸ್ವರ, 2 ಯೋಗವಾಹ, 34 ವ್ಯಂಜನ ಸೇರಿ 49 ಅಕ್ಷರಗಳ ವರ್ಣಮಾಲೆ. ಅನಂತರ ಕಾಗುಣಿತ, ಅದರಲ್ಲಿ 400ಕ್ಕೂ ಮಿಕ್ಕ ರೂಪಗಳು. ಇವೆಲ್ಲವನ್ನೂ ದಾಟಿ ಬಂದ ಮೇಲೆ ಒತ್ತಕ್ಷರ. ಅಷ್ಟು ಹೊತ್ತಿಗೆ ಮಗು ಗರಗಸವನ್ನು ಓದಬಲ್ಲುದು, ಅರಸನನ್ನು ಓದಬಲ್ಲುದು. ತನ್ನ ಮನೆಯ ಅಕ್ಕನನ್ನು ಮಾತ್ರ ಓದಲಾರದು!

ಎಷ್ಟೋ ಮನೆಗಳಲ್ಲಿ ಸಂಜೆಯ ಜಗಳ ಆರಂಭವಾಗುವುದು ಇಲ್ಲಿಯೇ. ನಿನ್ನೆಯವರೆಗೆ ಸರಾಗವಾಗಿ ಓದುತ್ತಿದ್ದ ಮಗು 'ಶಕ್ತಿ' ಎಂಬ ಪದದ ಮುಂದೆ ನಿಲ್ಲುತ್ತದೆ. ಬೆರಳಿಟ್ಟು 'ಶಕಿತ' ಎನ್ನುತ್ತದೆ. ತಾಯಿ ತಿದ್ದುತ್ತಾಳೆ, ಮರುಸಾಲಿನಲ್ಲಿ 'ಮುಷ್ಟಿ'ಯು 'ಮುಷಿಟ'ವಾಗುತ್ತದೆ. ಉಕ್ತಲೇಖನದ ಪುಸ್ತಕದಲ್ಲಿ ಕೆಂಪು ಗೆರೆಗಳು ಹೆಚ್ಚುತ್ತವೆ. 'ದಡ್ಡ' ಎಂಬ ಮಾತು ಯಾರ ಬಾಯಿಂದಲೋ ಜಾರುತ್ತದೆ. ಆ ಮಾತಿನಲ್ಲಿಯೂ ಒಂದು ಒತ್ತಕ್ಷರವಿದೆ. ಬರೆಯಲು ಬಾರದಿದ್ದರೂ ಅದರ ಪೆಟ್ಟು ಮಗುವಿಗೆ ಚೆನ್ನಾಗಿ ತಾಗುತ್ತದೆ.

ಮಗು ದಡ್ಡನೆ? ಅಲ್ಲ. ಅದು 'ಶಕಿತ' ಎಂದಾಗ ಕಣ್ಣಿಗೆ ಕಂಡದ್ದನ್ನು ಕಂಡಂತೆಯೇ ಓದಿದೆ.

ಕಿವಿಯ ಲೆಕ್ಕ, ಕಣ್ಣಿನ ಲೆಕ್ಕ

'ಶಕ್ತಿ' ಎಂಬುದನ್ನು ಬಿಡಿಸಿ ಹೇಳಿದರೆ ಕಿವಿಗೆ ಕೇಳುವುದು ಎರಡು ತುಂಡು: ಶಕ್ – ತಿ. ಬರೆದಾಗ ಕಣ್ಣಿಗೆ ಕಾಣುವುದೂ ಎರಡು ತುಂಡೇ. ಆದರೆ ತುಂಡಾಗುವ ಕಡೆ ಬೇರೆ: ಶ – ಕ್ತಿ. ಕಿವಿಯ ಲೆಕ್ಕದಲ್ಲಿ ಕಕಾರವು ಹಿಂದಿನ ಅಕ್ಷರದ ಬಾಲ. ಕಣ್ಣಿನ ಲೆಕ್ಕದಲ್ಲಿ ಅದು ಮುಂದಿನ ಅಕ್ಷರದ ತಲೆ.

ಪ್ರೌಢಶಾಲೆಯಲ್ಲಿ ಛಂದಸ್ಸನ್ನು ಓದಿದವರಿಗೆ ಇದು ಹೊಸ ಸಂಗತಿಯಲ್ಲ. ಸಂಯುಕ್ತಾಕ್ಷರದ ಹಿಂದಿನ ಲಘು ಗುರುವಾಗುತ್ತದೆಂಬ ಸೂತ್ರವನ್ನು ಎಲ್ಲರೂ ಬಾಯಿಪಾಠ ಮಾಡಿದವರೇ. ಅದು ಗುರುವಾಗುವುದೇತಕ್ಕೆ? ಒತ್ತಕ್ಷರದ ಮೊದಲ ವ್ಯಂಜನ ಉಚ್ಚಾರಣೆಯಲ್ಲಿ ಹಿಂದಕ್ಕೆ ಸರಿದು, ಹಿಂದಿನ ಅಕ್ಷರವನ್ನು ತೂಕವುಳ್ಳದ್ದಾಗಿ ಮಾಡುವುದರಿಂದ. ಛಂದಸ್ಸು ಕಿವಿಯನ್ನು ನಂಬಿದೆ, ಲಿಪಿ ಕಣ್ಣನ್ನು ನಂಬಿದೆ. ಆರು ವರ್ಷದ ಮಗು ಈ ಎರಡರ ನಡುವೆ ಸಿಕ್ಕಿಕೊಂಡಿದೆ.

ಇದರ ಮೇಲೆ ಇನ್ನೊಂದು ತೊಡಕುಂಟು. 'ಶಕ್ತಿ'ಯಲ್ಲಿ ಇಕಾರ ಕೇಳಿಸುವುದು ತಕಾರದ ಆಚೆಗೆ. ಬರವಣಿಗೆಯಲ್ಲಿ ಆ ಇಕಾರದ ಗುಡಿಸು ಹತ್ತಿ ಕುಳಿತಿರುವುದು ಮೇಲಿನ ಕಕಾರದ ತಲೆಯ ಮೇಲೆ. ಕಾಗುಣಿತವನ್ನು ನಿಷ್ಠೆಯಿಂದ ಕಲಿತ ಮಗು ಮೇಲಿರುವುದನ್ನು 'ಕಿ' ಎಂದೂ, ಕೆಳಗಿರುವುದನ್ನು 'ತ' ಎಂದೂ ಓದುತ್ತದೆ. 'ಹಕ್ಕಿ'ಯನ್ನು 'ಹಕಿಕ' ಎಂದೂ 'ಮಣ್ಣು' ಎಂಬುದನ್ನು 'ಮಣುಣ' ಎಂದೂ ಓದುವ ಮಕ್ಕಳು ಕಾಗುಣಿತವನ್ನು ಮರೆತವರಲ್ಲ; ಅದನ್ನು ಚೆನ್ನಾಗಿ ನೆನಪಿಟ್ಟವರು.

ನೆರೆಯ ಲಿಪಿಗಳನ್ನು ನೋಡಿದರೆ ಈ ತೊಡಕಿನ ಸ್ವರೂಪ ಇನ್ನಷ್ಟು ಸ್ಪಷ್ಟವಾದೀತು. ತಮಿಳರು ಅಕ್ಷರದ ಮೇಲೊಂದು ಚುಕ್ಕೆಯಿಟ್ಟು ಸ್ವರವಿಲ್ಲದ ವ್ಯಂಜನವನ್ನು ತೋರಿಸಿ, ಮುಂದಿನದನ್ನು ಅದರ ಪಕ್ಕದಲ್ಲಿಯೇ ಬರೆಯುತ್ತಾರೆ. ದೇವನಾಗರಿಯಲ್ಲಿ ಬಹುಮಟ್ಟಿಗೆ ಅರ್ಧಾಕ್ಷರಗಳು ಸಾಲಾಗಿ ನಿಲ್ಲುತ್ತವೆ. ಇಂಗ್ಲಿಷಿನಲ್ಲಂತೂ ಅಕ್ಷರಗಳೆಲ್ಲ ಒಂದರ ಹಿಂದೊಂದು ನಡೆಯುವ ಇರುವೆಗಳಂತೆ. ಕನ್ನಡ ತೆಲುಗುಗಳಲ್ಲಿ ಮಾತ್ರ ಎರಡನೆಯ ವ್ಯಂಜನ ಸಾಮಾನ್ಯವಾಗಿ ಮೊದಲನೆಯದರ ಕೆಳಗೆ ಇಳಿದು ಕೂಡುತ್ತದೆ. ನೋಡಲು ಅಂದ, ಕಲಿಯಲು ಕೊಂಚ ಕಾಲ ಬೇಕು.

ಎಷ್ಟು ಕಾಲ? ಕನ್ನಡ ಓದಲು ಕಲಿಯುವ ಮಕ್ಕಳನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಒಂದು ಮುಖ್ಯ ಸಂಗತಿ ತಿಳಿದುಬರುತ್ತದೆ. ಇಂಗ್ಲಿಷಿನ ಅಕ್ಷರಮಾಲೆಗಿಂತ ಕನ್ನಡದ ಅಕ್ಷರಗಳ ಜ್ಞಾನ ಪಕ್ವವಾಗಲು ಹೆಚ್ಚು ಕಾಲ ಹಿಡಿಯುತ್ತದೆ. ಮೂರನೆಯ, ನಾಲ್ಕನೆಯ ತರಗತಿಗಳವರೆಗೂ ಆ ಕಲಿಕೆ ಮುಂದುವರಿಯುತ್ತದೆ. ಹೀಗಿರುವಲ್ಲಿ, ಎರಡನೆಯ ತರಗತಿಯ ಮಗು ಒತ್ತಕ್ಷರಗಳಲ್ಲಿ ಎಡವಿದರೆ ಗಾಬರಿಗೆ ಕಾರಣವೇನು?

ತಪ್ಪಿಗೂ ಒಂದು ವ್ಯಾಕರಣ

ಮಕ್ಕಳ ತಪ್ಪುಗಳನ್ನು ಒಂದು ವಾರ ಸುಮ್ಮನೆ ಗುರುತುಮಾಡಿಕೊಳ್ಳುತ್ತ ಬಂದರೆ ಅವುಗಳಲ್ಲಿ ಒಂದು ಕ್ರಮ ತೋರುತ್ತದೆ. ಕೆಲವರು ಒತ್ತನ್ನು ನುಂಗುತ್ತಾರೆ: 'ಅಕ್ಕ' ಹೋಗಿ 'ಅಕ' ಉಳಿಯುತ್ತದೆ. ಕೆಲವರು ಒತ್ತನ್ನು ಬಿಡಿಸಿ ನಡುವೆ ಒಂದು ಸ್ವರವನ್ನು ಹಾಕುತ್ತಾರೆ: 'ಪುಸ್ತಕ'ವು 'ಪುಸುತಕ'ವಾಗುತ್ತದೆ. ಕೆಲವರು ಎರಡೂ ವ್ಯಂಜನಗಳನ್ನು ಬರೆಯುತ್ತಾರೆ, ಆದರೆ ಅದಲುಬದಲಾಗಿ: 'ಪುತ್ಸಕ'.

ಇವುಗಳಲ್ಲಿ ಎರಡನೆಯದನ್ನು ನೋಡಿ ನಗುವವರು ಕನ್ನಡ ಭಾಷೆಯ ಚರಿತ್ರೆಯನ್ನೇ ನೋಡಿ ನಕ್ಕಂತಾಗುತ್ತದೆ. ಸಂಸ್ಕೃತದಿಂದ ಬಂದ ಬಿಗಿಯಾದ ಸಂಯುಕ್ತಾಕ್ಷರಗಳನ್ನು ಕನ್ನಡಿಗರು ಸಾವಿರ ವರ್ಷಗಳಿಂದ ಹೀಗೆಯೇ ಸಡಿಲಿಸಿಕೊಂಡು ಬಂದಿದ್ದಾರೆ. ವರ್ಷ 'ವರುಷ'ವಾಯಿತು, ಚಂದ್ರ 'ಚಂದಿರ'ನಾದನು, ಭಕ್ತ 'ಬಕುತ'ನಾದನು, ಶ್ರೀ 'ಸಿರಿ'ಯಾಯಿತು, ಲಕ್ಷ್ಮಿ 'ಲಕುಮಿ'ಯಾದಳು. ಸ್ನೇಹ ತನ್ನ ಸಕಾರವನ್ನು ಕಳೆದುಕೊಂಡು 'ನೇಹ'ವಾಯಿತು. ಅಗ್ನಿ ಎರಡು ಬಗೆಯ ವ್ಯಂಜನಗಳನ್ನು ಒಂದೇ ಬಗೆಗೆ ತಂದು 'ಅಗ್ಗಿ'ಯಾಯಿತು. 13ನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಇಂತಹ ಮಾರ್ಪಾಡುಗಳಿಗೆಂದೇ ಅಪಭ್ರಂಶ ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಪಂಡಿತರು ಸೂತ್ರವಾಗಿ ಬರೆದುದನ್ನು ಮಗು ತನ್ನ ನಾಲಗೆಯಿಂದ ತಾನೇ ಕಂಡುಕೊಂಡಿದೆಯೆಂದರೆ ಅತಿಶಯೋಕ್ತಿಯಾಗದು. ಇಂಗ್ಲಿಷಿನ ಸ್ಕೂಲು ಹಳ್ಳಿಯಲ್ಲಿ 'ಇಸ್ಕೂಲು' ಆದದ್ದೂ, ಗ್ಲಾಸು 'ಗಲಾಸು' ಆದದ್ದೂ ಇದೇ ಹಾದಿಯಲ್ಲಿ.

ಹಾಗೆಂದ ಮಾತ್ರಕ್ಕೆ 'ಪುಸುತಕ' ಎಂದು ಬರೆದದ್ದನ್ನು ಸರಿಯೆಂದು ಬಿಡಬೇಕೆಂದಲ್ಲ. ತಿದ್ದಲೇಬೇಕು. ಆದರೆ ತಿದ್ದುವವರಿಗೆ ತಪ್ಪಿನ ಕಾರಣ ತಿಳಿದಿದ್ದರೆ ಧ್ವನಿ ತಾನಾಗಿ ಮೃದುವಾಗುತ್ತದೆ. ತಿದ್ದುವ ಬಗೆಯೂ ಬದಲಾಗುತ್ತದೆ.

ಕಲಿಸುವ ಕ್ರಮ

ಬರೆಯಿಸುವುದಕ್ಕೆ ಮೊದಲು ಕೇಳಿಸುವುದು ಒಳ್ಳೆಯದು. ಸ್ಲೇಟು, ಪುಸ್ತಕಗಳನ್ನು ಬದಿಗಿಟ್ಟು, ಊಟಕ್ಕೆ ಕುಳಿತಾಗಲೋ ಬಸ್ಸಿಗೆ ಕಾಯುವಾಗಲೋ ಜೋಡಿಮಾತುಗಳ ಆಟವನ್ನು ಆಡಬಹುದು. ಕತೆ – ಕತ್ತೆ, ಗಿಡ – ಗಿಡ್ಡ, ಎಲೆ – ಎಲ್ಲೆ, ಬಳಿ – ಬಳ್ಳಿ, ಹಳಿ – ಹಳ್ಳಿ, ನಲಿ – ನಲ್ಲಿ. ದೊಡ್ಡವರು ಒಂದನ್ನು ಹೇಳಬೇಕು. ಒತ್ತು ಕೇಳಿಸಿದರೆ ಮಗು ಚಪ್ಪಾಳೆ ತಟ್ಟಬೇಕು. 'ಅಜ್ಜ ಒಂದು ಕತ್ತೆ ಹೇಳಿದರು' ಎಂದರೆ ಯಾವ ಮಗು ನಗದೆ ಇದ್ದೀತು? ಆ ನಗುವಿನಲ್ಲಿಯೇ ಅರ್ಧ ಪಾಠ ಮುಗಿದಂತೆ. ಒಂದು ಒತ್ತು ಅರ್ಥವನ್ನೇ ಬದಲಿಸಬಲ್ಲುದೆಂಬುದು ಅದಕ್ಕೆ ಮನದಟ್ಟಾಗುತ್ತದೆ.

ಎರಡನೆಯ ಹಂತದಲ್ಲಿ ಅರ್ಧಾಕ್ಷರವನ್ನು ಪರಿಚಯ ಮಾಡಿಸಬೇಕು. 'ಕ' ಎಂಬುದರೊಳಗೆ ಒಂದು 'ಅ' ಅಡಗಿದೆ, ಅದನ್ನು ತೆಗೆದರೆ ಉಳಿಯುವುದು 'ಕ್' ಎಂಬುದನ್ನು ಬಾಯಲ್ಲಿ ಹೇಳಿಸಿಯೇ ತೋರಿಸಬೇಕು. ಬಳಿಕ 'ಶಕ್' ಎಂದು ಒಂದು ಚೀಟಿಯ ಮೇಲೆ, 'ತಿ' ಎಂದು ಇನ್ನೊಂದರ ಮೇಲೆ ಬರೆದು ಪಕ್ಕಪಕ್ಕದಲ್ಲಿಟ್ಟು ಓದಿಸಬೇಕು. ಕಿವಿಯ ಲೆಕ್ಕ ಇಲ್ಲಿ ಕಣ್ಣಿಗೂ ಕಾಣುತ್ತದೆ. ಆಮೇಲೆ ಎರಡನ್ನೂ ಕೂಡಿಸುವ ಕತೆ: ತಕಾರವು ಕಕಾರದ ಮನೆಯ ಕೆಳಗಿನ ಅಂತಸ್ತಿಗೆ ಬಾಡಿಗೆಗೆ ಬಂದಿತು, ಬರುವಾಗ ತನ್ನ ತಲೆಯ ಗುಡಿಸನ್ನು ತೆಗೆದು ಮೇಲಿನವನ ತಲೆಗೆ ಇಟ್ಟಿತು. ಹೀಗೆ ಹೇಳಿದರೆ ಗುಡಿಸು ಯಾರದು ಎಂಬುದನ್ನು ಮಗು ಮರೆಯುವುದಿಲ್ಲ. 'ಶಕಿತ' ಎಂಬ ಓದು ತಾನಾಗಿ ಬಿಟ್ಟುಹೋಗುತ್ತದೆ.

ಮೂರನೆಯದು ಪದಗಳ ಆಯ್ಕೆ. ಒಂದೇ ವ್ಯಂಜನ ಇಮ್ಮಡಿಯಾಗುವ ಸಜಾತೀಯ ಸಂಯುಕ್ತಗಳು ಮೊದಲು ಬರಬೇಕು. ಅಕ್ಕ, ಅಜ್ಜ, ಅಪ್ಪ, ಹಬ್ಬ, ಗುಡ್ಡ ಇವುಗಳಲ್ಲಿ ಒತ್ತಿನ ರೂಪ ಮೇಲಿನ ಅಕ್ಷರವನ್ನೇ ಹೋಲುತ್ತದೆ. ತಲೆಕಟ್ಟು ಮಾತ್ರ ಇರುವುದಿಲ್ಲ. ಒತ್ತಾದಾಗ ವೇಷ ಬದಲಿಸುವ ಅಕ್ಷರಗಳು ಮುಖ್ಯವಾಗಿ ಆರು: ತ, ನ, ಮ, ಯ, ರ, ಲ. ಮಕ್ಕಳು ಹೆಚ್ಚಾಗಿ ಮರೆಯುವುದು ಇವನ್ನೇ. ಅತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ ಎಂಬ ಆರು ಪದಗಳನ್ನು ಚಿತ್ರಸಹಿತ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಆ ಆರು ವೇಷಗಳೂ ದಿನವೂ ಕಣ್ಣಿಗೆ ಬೀಳುತ್ತವೆ.

ಇದಾದ ಮೇಲೆ ಪದದ ನಡುವೆ ಬರುವ ವಿಜಾತೀಯಗಳು: ಪುಸ್ತಕ, ಶಕ್ತಿ, ರಾತ್ರಿ, ಪದ್ಯ. ಪದದ ಮೊದಲಿಗೇ ಬರುವ ಪ್ರೀತಿ, ಸ್ನಾನ, ತ್ಯಾಗಗಳು ಇನ್ನೂ ಕಷ್ಟ. ಇಲ್ಲಿ ಮೊದಲ ವ್ಯಂಜನಕ್ಕೆ ಹಿಂದೆ ಸರಿಯಲು ಎಡೆಯಿಲ್ಲ. ಒಂದೇ ಅಕ್ಷರಕ್ಕೆ ಎರಡೆರಡು ಒತ್ತುಗಳಿರುವ ರಾಷ್ಟ್ರ, ಶಾಸ್ತ್ರ, ಲಕ್ಷ್ಮಿ ಮೊದಲಾದುವನ್ನು ಕಡೆಗೆ ಬಿಡುವುದೇ ಲೇಸು. ಇನ್ನು ಅಂಗಡಿ, ಮಂಚ, ತಿಂಡಿ, ದಿಂಬುಗಳ ಮಟ್ಟಿಗೆ ಕನ್ನಡ ಲಿಪಿಯೇ ಮಕ್ಕಳಿಗೆ ಉಪಕಾರ ಮಾಡಿದೆ. ಐದು ಬಗೆಯ ಅನುನಾಸಿಕಗಳ ಒತ್ತುಗಳನ್ನು ಕಲಿಯುವ ಕಷ್ಟವನ್ನು ಒಂದೇ ಒಂದು ಸೊನ್ನೆ ನಿವಾರಿಸಿದೆ!

ವರ್ಣಮಾಲೆಯ ಅನುಕ್ರಮವನ್ನು ಕಲಿಕೆಯ ಅನುಕ್ರಮವಾಗಿಯೇ ಇಟ್ಟುಕೊಳ್ಳಬೇಕೆಂಬ ನಿಯಮವಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯದಲ್ಲಿ ಹರಡಿದ 'ನಲಿ-ಕಲಿ' ಪದ್ಧತಿಯಲ್ಲಿ ಮಕ್ಕಳು ಅ, ಆ, ಇ, ಈ ಎಂದು ಆರಂಭಿಸುವುದಿಲ್ಲ. ರ, ಗ, ಸ, ದ, ಅ ಎಂಬ ಸುಲಭರೂಪದ ಅಕ್ಷರಗಳಿಂದ ಆರಂಭಿಸಿ ಕೂಡಲೆ ಪದಗಳನ್ನು ಓದತೊಡಗುತ್ತಾರೆ. ಮನೆಯಲ್ಲಿ ಕಲಿಸುವವರು ಈ ಧೈರ್ಯವನ್ನು ಒಂದು ಹೆಜ್ಜೆ ಮುಂದೊಯ್ಯಬಹುದು. ಕಾಗುಣಿತ ಮುಗಿಯುವವರೆಗೆ ಕಾಯದೆ, ಅಮ್ಮ ಅಕ್ಕ ಅಪ್ಪ ಎಂಬ ಪದಗಳನ್ನು ಚಿತ್ರಗಳಂತೆ ಇಡಿಯಾಗಿ ಗುರುತಿಸಲು ಮೊದಲೇ ಕಲಿಸಿದರೆ, ಒತ್ತಿನ ಪಾಠ ಬರುವಾಗ ಮಗು ಅಪರಿಚಿತರ ಮನೆಗೆ ಹೋದಂತಾಗುವುದಿಲ್ಲ.

ಅರ್ಕಾವೊತ್ತಿನ ತೊಡಕು

ಒತ್ತುಗಳಲ್ಲೆಲ್ಲ ಮಕ್ಕಳನ್ನು ಹೆಚ್ಚು ಕಾಡುವುದು ಅರ್ಕಾವೊತ್ತು. 'ಧರ್ಮ' ಎನ್ನುವಾಗ ರಕಾರ ಮೊದಲು, ಮಕಾರ ಅನಂತರ ಕೇಳಿಸುತ್ತದೆ. ಬರೆಯುವಾಗ ಮಕಾರ ಮೊದಲು, ರಕಾರದ ಗುರುತು ಅದರ ಬಲಗಡೆಗೆ. ಹಿಂದಿನದು ಮುಂದಾಗಿ, ಮುಂದಿನದು ಹಿಂದಾಗುವ ಈ ವಿಪರ್ಯಯವನ್ನು ಹಿರಿಯರು ಗಮನಿಸುವುದೇ ಇಲ್ಲ. ರೂಢಿ ಅವರ ಕಣ್ಣನ್ನು ಪಳಗಿಸಿದೆ. ರಕಾರವನ್ನು ಮೇಲೆ ಬರೆದು ಮುಂದಿನ ವ್ಯಂಜನವನ್ನು ಅದಕ್ಕೆ ಒತ್ತಾಗಿ ಕೊಡುವ ಪದ್ಧತಿಯೂ ಉಂಟು. ಮೊದಲು ಅದನ್ನು ತೋರಿಸಿ, ಆಮೇಲೆ ಅರ್ಕಾವೊತ್ತಿಗೆ ತಂದರೆ ಮಗುವಿನ ಗೊಂದಲ ತಗ್ಗುತ್ತದೆ. 'ಸೂರ್ಯ'ನನ್ನೂ 'ಚಕ್ರ'ವನ್ನೂ ಅಕ್ಕಪಕ್ಕದಲ್ಲಿಟ್ಟು, ಮೊದಲನೆಯದರಲ್ಲಿ ರಕಾರ ಮುಂಚೆ ಕೇಳುವುದೋ, ಎರಡನೆಯದರಲ್ಲಿ ಮುಂಚೆ ಕೇಳುವುದೋ ಎಂದು ಪ್ರಶ್ನಿಸುವುದು ಒಳ್ಳೆಯ ಅಭ್ಯಾಸ.

ಇಲ್ಲಿ ಈ ಕಾಲದ ಒಂದು ಉಪಕರಣದ ನೆರವನ್ನೂ ಪಡೆಯಬಹುದು. ಗಣಕಯಂತ್ರದಲ್ಲಾಗಲಿ ಮೊಬೈಲು ಫೋನಿನಲ್ಲಾಗಲಿ ಕನ್ನಡವನ್ನು ಬೆರಳಚ್ಚು ಮಾಡುವಾಗ ಅಕ್ಷರಗಳನ್ನು ಒತ್ತುವುದು ಕೇಳುವ ಕ್ರಮದಲ್ಲಿ, ಕಾಣುವ ಕ್ರಮದಲ್ಲಲ್ಲ. 'ಧರ್ಮ'ಕ್ಕೆ ಮೊದಲು ಧ, ಬಳಿಕ ರ, ಅರ್ಧಾಕ್ಷರದ ಗುರುತು, ಕೊನೆಯಲ್ಲಿ ಮ. ರಕಾರ ಥಟ್ಟನೆ ಹಾರಿ ಮಕಾರದ ಬಲಕ್ಕೆ ಹೋಗಿ ಕುಳಿತುಕೊಳ್ಳುವುದನ್ನು ಮಗು ಪರದೆಯ ಮೇಲೆ ಕಣ್ಣಾರೆ ಕಾಣುತ್ತದೆ. ಹತ್ತು ಸಲದ ವಿವರಣೆ ಮಾಡಲಾರದ ಕೆಲಸವನ್ನು ಆ ಒಂದು ಹಾರಿಕೆ ಮಾಡಬಲ್ಲುದು.

ಕಿವಿಯನ್ನು ನಂಬಿ ನಡೆಯಲಾಗದ ಕೆಲವು ಎಡೆಗಳೂ ಉಂಟು, ಅವನ್ನು ಮುಚ್ಚಿಡಬಾರದು. 'ಚಿಹ್ನೆ'ಯನ್ನು ಬಹುಮಂದಿ 'ಚಿನ್ಹೆ' ಎಂದೇ ಉಚ್ಚರಿಸುತ್ತಾರೆ. 'ಬ್ರಹ್ಮ'ನದೂ ಅದೇ ಗತಿ. 'ಜ್ಞಾನ'ದಲ್ಲಿ ಜಕಾರ ಕೇಳಿಸುವುದೇ ಅಪರೂಪ. 'ಬುದ್ಧಿ', 'ಶುದ್ಧ', 'ಪ್ರಸಿದ್ಧ' ಪದಗಳಲ್ಲಿ ಅಲ್ಪಪ್ರಾಣ ಮೇಲೆ, ಮಹಾಪ್ರಾಣ ಕೆಳಗೆ ಬರಬೇಕೆಂಬುದನ್ನು ಅಂಗಡಿಯ ಫಲಕ ಬರೆಸುವ ದೊಡ್ಡವರೇ ಮರೆಯುತ್ತಾರೆ. ಇಂತಹವನ್ನು ಕಣ್ಣಿನ ನೆನಪಿನಿಂದಲೇ ಕಲಿಯಬೇಕು. ಹೆಚ್ಚು ಓದಿದಷ್ಟೂ ಆ ನೆನಪು ಗಟ್ಟಿಯಾಗುತ್ತದೆ. ಬರಿಯ ಕಾಪಿ ಬರೆಯಿಸುವುದರಿಂದ ಆಗುವ ಲಾಭ ಅಲ್ಪ.

ಎರಡು ಲಿಪಿಗಳ ನಡುವೆ

ನಗರದ ಮಕ್ಕಳಲ್ಲಿ ಬಹುಮಂದಿ ಕನ್ನಡ, ಇಂಗ್ಲಿಷುಗಳೆರಡನ್ನೂ ಒಟ್ಟಿಗೆ ಕಲಿಯುತ್ತಾರೆ. ಇಂಗ್ಲಿಷಿನ ಸಂಯುಕ್ತ ವ್ಯಂಜನಗಳು ಪದದ ಮೊದಲಿಗೂ ಕೊನೆಗೂ ಧಾರಾಳವಾಗಿ ಬರುತ್ತವೆ: ಸ್ಟಾಪ್, ಸ್ಪ್ರಿಂಗ್, ಮಿಲ್ಕ್, ಹ್ಯಾಂಡ್. ಕನ್ನಡದ ಅಚ್ಚ ಮಾತುಗಳಲ್ಲಿ ಒತ್ತು ನಡುವೆ ಬರುವುದೇ ವಾಡಿಕೆ. ಪದಗಳು ಸ್ವರದಲ್ಲಿ ಮುಗಿಯುವುದೇ ರೂಢಿ. ಆದುದರಿಂದಲೇ ಬಸ್ 'ಬಸ್ಸು' ಆಯಿತು, ಮಿಲ್ಕ್ 'ಮಿಲ್ಕು' ಆಗುತ್ತದೆ. ಕನ್ನಡದ ಮಗು ಇಂಗ್ಲಿಷ್ ಪದಗಳನ್ನು ಬರೆಯುವಾಗ ಇಲ್ಲದ ಸ್ವರವನ್ನು ಸೇರಿಸಿದರೆ ಅದರ ಮೂಲ ಇಲ್ಲಿದೆ. ಅಲ್ಲಿಯೂ ಮದ್ದು ಅದೇ: ಸ್ – ಟ್ – ಆ – ಪ್ ಎಂದು ಒಂದೊಂದು ಧ್ವನಿಯನ್ನೂ ಬಿಡಿಸಿ ಹೇಳಿ, ಮೆಲ್ಲಗೆ ಕೂಡಿಸುವುದು. ಒಂದು ಭಾಷೆಯಲ್ಲಿ ಪಳಗಿದ ಕಿವಿ ಇನ್ನೊಂದರಲ್ಲಿಯೂ ನೆರವಾಗುತ್ತದೆ. ಕನ್ನಡದ ಒತ್ತಕ್ಷರಕ್ಕೆ ಕೊಟ್ಟ ಹೊತ್ತು ಇಂಗ್ಲಿಷಿಗೆ ನಷ್ಟವಲ್ಲ.

ಆದರೆ ಆ ಹೊತ್ತು ಎಲ್ಲಿದೆ? 2015ರ ಕನ್ನಡ ಭಾಷಾ ಕಲಿಕೆಯ ಕಾಯಿದೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕೆಂದು ವಿಧಿಸಿತು. ವೇಳಾಪಟ್ಟಿಯಲ್ಲಿ ಕನ್ನಡಕ್ಕೆ ವಾರದಲ್ಲಿ ಕೆಲವೇ ಅವಧಿಗಳು ದೊರೆಯುವ ಕಡೆ ವರ್ಣಮಾಲೆ, ಕಾಗುಣಿತಗಳು ಹೇಗೋ ಮುಗಿಯುತ್ತವೆ. ಒತ್ತಕ್ಷರದ ಹೊತ್ತಿಗೆ ವರ್ಷವೂ ಮುಗಿದಿರುತ್ತದೆ. ಹೊಸ್ತಿಲಲ್ಲಿ ನಿಂತ ಮಗು ಒಳಗೆ ಬರುವುದೇ ಇಲ್ಲ. ಮನೆಯಲ್ಲಿ ಅದು ನಿರರ್ಗಳವಾಗಿ ಕನ್ನಡ ಮಾತನಾಡುತ್ತದೆ. ಕತೆಯ ಪುಸ್ತಕವನ್ನು ಕೊಟ್ಟರೆ 'ನೀವೇ ಓದಿ ಹೇಳಿ' ಎಂದು ಹಿಂದಿರುಗಿಸುತ್ತದೆ. ವರ್ಷಗಳು ಕಳೆದಂತೆ ಕೇಳುವುದನ್ನೂ ಬಿಡುತ್ತದೆ. ಊರಿನಿಂದ ಬಂದ ಲಗ್ನಪತ್ರಿಕೆ, ಅಜ್ಜಿ ಬರೆದಿಟ್ಟ ಹಾಡಿನ ಪುಸ್ತಕ, ಬೀರುವಿನಲ್ಲಿ ಸಾಲಾಗಿ ನಿಂತ ಕಾದಂಬರಿಗಳು ಎಲ್ಲವೂ ಅದರ ಪಾಲಿಗೆ ಬೀಗ ಹಾಕಿದ ಕೋಣೆಗಳು. ಭಾಷೆ ಬಾರದೆ ಹೀಗಾದುದಲ್ಲ. ಆರನೆಯ ಏಳನೆಯ ವಯಸ್ಸಿನಲ್ಲಿ ಕೆಲವು ವಾರಗಳ ಸಹನೆ ದೊರೆಯದೆ ಆದುದು.

ಅವಸರ ಸಲ್ಲದು

ದಿನಕ್ಕೆ ಹತ್ತು ನಿಮಿಷ, ಒಂದು ಸಲಕ್ಕೆ ಒಂದೇ ಬಗೆಯ ಒತ್ತು, ನಾಲ್ಕೈದು ಪದ. ಇದಕ್ಕಿಂತ ಹೆಚ್ಚು ಬೇಕಾಗದು. ದಪ್ಪ ಅಚ್ಚಿನ ಪುಸ್ತಕಗಳನ್ನು ಆರಿಸುವುದು ಅವಶ್ಯ. ಸಣ್ಣ ಅಚ್ಚಿನಲ್ಲಿ ಕೆಳಗಿನ ಒತ್ತು ಚುಕ್ಕೆಯಂತಾಗಿ ಎಳೆಯ ಕಣ್ಣಿಗೆ ಕಾಣದೆ ಹೋಗುತ್ತದೆ. ಉಕ್ತಲೇಖನದಲ್ಲಿ ಹತ್ತು ಪದಗಳಿಗೆ ಆರು ತಪ್ಪಿದ್ದರೆ ಸರಿಯಾದ ನಾಲ್ಕನ್ನು ಮೊದಲು ಎಣಿಸಿ ಹೇಳುವ ತಾಯ್ತಂದೆಗಳು ಮರುವಾರ ಆರನ್ನು ಎಣಿಸುವ ಭಾಗ್ಯವನ್ನು ಪಡೆಯುತ್ತಾರೆ. 'ಪುತ್ಸಕ' ಎಂದು ಬರೆದ ಮಗುವಿಗೆ ಎರಡು ವ್ಯಂಜನಗಳೂ ಕೇಳಿಸಿವೆ, ಕ್ರಮವೊಂದು ತಪ್ಪಿದೆ. 'ಪುತಕ' ಎಂದು ಬರೆದ ಮಗುವಿಗಿಂತ ಅದು ಒಂದು ಮೆಟ್ಟಿಲು ಮೇಲಿದೆ. ಇಬ್ಬರಿಗೂ ಒಂದೇ ಕೆಂಪು ಗೆರೆಯನ್ನು ಎಳೆಯುವುದು ನ್ಯಾಯವಲ್ಲ.

ಇಷ್ಟೆಲ್ಲ ಮಾಡಿಯೂ ನಾಲ್ಕನೆಯ ತರಗತಿಯ ಕೊನೆಗೂ ಮಗುವಿಗೆ 'ಕತೆ', 'ಕತ್ತೆ'ಗಳ ಭೇದ ತಿಳಿಯದಿದ್ದರೆ, ಸುಲಭವಾದ ಪದಗಳನ್ನೂ ಓದಲಾಗದಿದ್ದರೆ, ಗದರಿಸಿ ಫಲವಿಲ್ಲ. ಮೊದಲು ಕಿವಿಯನ್ನೂ ಕಣ್ಣನ್ನೂ ವೈದ್ಯರಿಂದ ಪರೀಕ್ಷಿಸಿಸಬೇಕು. ಮಾತು, ಶ್ರವಣ, ಕಲಿಕೆಯ ತೊಂದರೆಗಳನ್ನು ಕುರಿತು ಸಲಹೆ ನೀಡುವ ತಜ್ಞರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆಗಳಲ್ಲಿದ್ದಾರೆ. ಆದರೆ ಅಂತಹ ಅವಶ್ಯಕತೆ ಕೆಲವರಿಗೆ ಮಾತ್ರ. ಮಿಕ್ಕ ಮಕ್ಕಳಿಗೆ ಬೇಕಾದುದು ಎರಡೇ: ಕಾರಣ ತಿಳಿದು ತಿದ್ದುವ ಒಬ್ಬ ಹಿರಿಯರು, ತಪ್ಪಿದರೂ ನಗದೆ ಕೇಳುವ ಒಂದು ಮನೆ.

ಒಂದು ಸಂಜೆ, ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತಿದ್ದ ಮಗು ಯಾರೂ ಕೇಳದೆಯೇ ಅಂಗಡಿಗಳ ಫಲಕಗಳನ್ನು ಓದತೊಡಗುತ್ತದೆ: ಬಟ್ಟೆ ಅಂಗಡಿ, ಹಣ್ಣಿನ ಅಂಗಡಿ, ಪುಸ್ತಕದ ಅಂಗಡಿ. 'ವಿದ್ಯಾರ್ಥಿ ನಿಲಯ' ಎಂಬಲ್ಲಿ ಒಂದು ಕ್ಷಣ ತಡೆದು, ಯಾವೊತ್ತನ್ನೂ ಅರ್ಕಾವೊತ್ತನ್ನೂ ಬಿಡಿಸಿಕೊಂಡು, ಕೂಡಿಸಿ ಹೇಳುತ್ತದೆ. ಬಸ್ಸು ಮುಂದೆ ಹೋಗುತ್ತದೆ. ಮುಂದಿನ ಫಲಕವನ್ನು ಓದುವ ಅವಸರ ಮಗುವಿಗೆ.